ನಿನ್ನನ್ನು ಯಾರು ಎಬ್ಬಿಸುತ್ತಾರೆ?

ಕಳೆದ ತಿಂಗಳು ರಾಯಚೂರಿನ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಸಮಾಜಕಾರ್ಯದಲ್ಲಿ ಎಂ.ಎ. ಓದಿ, ನಾನು ನಿವೃತ್ತಳಾದ ಕಚೇರಿಗೇ ಪರಿವೀಕ್ಷಣಾಧಿಕಾರಿಯಾಗಿ ಸೇರಿದ್ದಾಳೆ. ಚಹಾ ಕುಡಿದು, ಕಪ್ಪು ಬದಿಗಿಟ್ಟು, ಪೆನ್ನು ತೆಗೆದು ಕೇಳಿದಳು: "ಮೇಡಂ, ಮಕ್ಕಳ ಭಾವನಾತ್ಮಕ ಸಮಸ್ಯೆ ಗುರುತಿಸಾಕ ನೀವು ಯಾವ ಪ್ರಶ್ನಾವಳಿ ಇಟ್ಕೊಂಡಿದ್ರಿ?"

ನನಗೆ ನಗು ಬಂತು. ಪಾಪ, ಅವಳು ಬೇಜಾರು ಮಾಡಿಕೊಂಡಳೋ ಏನೋ. ನನ್ನ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ, ಅದೂ ಸ್ವಂತದ್ದಲ್ಲ, ನನ್ನ ಮೇಲಧಿಕಾರಿಯಿಂದ ಕಲಿತದ್ದು. ಅಂದು ಅವಳಿಗೆ ಅರ್ಧ ಹೇಳಿ ಕಳಿಸಿದೆ. ಉಳಿದರ್ಧ ಇಲ್ಲಿದೆ. ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ಉಪಯೋಗವಾಗಬಹುದು, ಆಗದಿದ್ದರೆ ನಿವೃತ್ತಿಯಾದವಳ ಹರಟೆ ಎಂದು ಮಡಚಿ ಇಡಲಿ. ಮಕ್ಕಳ ಮತ್ತು ಮನೆಯವರ ಹೆಸರುಗಳನ್ನು ಬದಲಿಸಿದ್ದೇನೆ.

ಮೊದಲು ಕೆಲಸದ ಬಗ್ಗೆ. ಹದಿನೆಂಟು ತುಂಬದ ಮಕ್ಕಳು ಕಳವಿನಲ್ಲೋ ಹೊಡೆದಾಟದಲ್ಲೋ ಸಿಕ್ಕಿಬಿದ್ದರೆ ಅವರನ್ನು ಬಾಲನ್ಯಾಯ ಮಂಡಳಿಯ ಮುಂದೆ ತರುತ್ತಾರೆ. ವಿಚಾರಣೆ ನಡೆಯುವಾಗ ಕೆಲವರು ವೀಕ್ಷಣಾಲಯದಲ್ಲಿ ಇರುತ್ತಾರೆ. ಆ ಹುಡುಗನ ಮನೆ ಎಂಥದ್ದು, ಹೇಗೆ ಬೆಳೆದ, ತಿರುಗಿ ಕಳಿಸಿದರೆ ಉಳಿಯುತ್ತಾನೆಯೇ ಎಂದು ಊರಿಗೆ ಹೋಗಿ ನೋಡಿ ವರದಿ ಕೊಡುವವರು ನಾವು. ಮಂಡಳಿಯವರು ಅದನ್ನು ಓದಿ, ಮನೆಗೆ ಕಳಿಸುವುದೋ ದೂರದ ವಿಶೇಷ ಗೃಹಕ್ಕೆ ಕಳಿಸುವುದೋ ತೀರ್ಮಾನಿಸುತ್ತಾರೆ. ಸರ್ಕಾರಿ ಭಾಷೆಯಲ್ಲಿ ಇವರಿಗೆ 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳು' ಎಂದು ಹೆಸರು. "ಇಷ್ಟುದ್ದ ಹೆಸರು ಕರದು ಮುಗಸೋದ್ರಾಗ ಹುಡುಗ ಗ್ವಾಡಿ ಜಿಗದು ಹೋಗಿರ್ತಾನ" ಎಂದು ವೀರಭದ್ರಯ್ಯ ಸರ್ ಚೇಷ್ಟೆ ಮಾಡುತ್ತಿದ್ದರು. ನಾವು 'ನಮ್ಮ ಹುಡುಗರು' ಎನ್ನುತ್ತಿದ್ದೆವು.

ವೀರಭದ್ರಯ್ಯ ಸರ್ ನನ್ನ ಮೊದಲ ಮೇಲಧಿಕಾರಿ. ಸಣಕಲು ಮೈ, ಮೂಗಿನ ತುದಿಯಲ್ಲೇ ಸಿಟ್ಟು. ರಾಯಚೂರಿನ ಬಿಸಿಲಿಗೆ ಸದಾ ಕೊಡೆ ಹಿಡಿದೇ ಓಡಾಡುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಜೊತೆ ಕಲ್ಮಲಕ್ಕೆ ಹೋಗಿದ್ದೆ. ಊರು ಇನ್ನೂ ದೂರವಿರುವಾಗಲೇ ಜೀಪು ನಿಲ್ಲಿಸಿ ಇಳಿದುಬಿಟ್ಟರು. ಯಾಕೆಂದು ಕೇಳಿದೆ. "ಸರ್ಕಾರಿ ಜೀಪು ಮನಿ ಮುಂದ ನಿಂತ್ರ ಊರಿಗೆ ಊರೇ ಕೂಡ್ತದ. ಹುಡುಗ ಒಂದು ಸಲ ಕದ್ದಾನ, ನಾವು ಹೋಗಿ ಅವನ್ನ ಜಲ್ಮಪೂರ್ತಿ ಕಳ್ಳನ್ನ ಮಾಡಿ ಬರ್ತೀವಿ" ಎಂದು ಕೊಡೆ ಬಿಚ್ಚಿ ನಡೆದರು. ಆಮೇಲೆ ನನ್ನ ಸರ್ವಿಸ್ಸಿನ ಉದ್ದಕ್ಕೂ ನಾನು ಬಸ್ಸಿನಲ್ಲೇ ತಿರುಗಿದೆ. ಟಿ.ಎ. ಬಿಲ್ಲು ಕಡಿಮೆಯಾಯಿತು ಎಂದು ನಮ್ಮ ಗುಮಾಸ್ತರು ನನಗಾಗಿ ಮರುಗುತ್ತಿದ್ದರು.

ಆ ಮನೆಯಲ್ಲಿ ಸರ್ ಕಳವಿನ ಮಾತೇ ಎತ್ತಲಿಲ್ಲ. ಜಾಮೀನಿನ ಮೇಲೆ ಮನೆಯಲ್ಲಿದ್ದ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಮುಂಜಾನಿ ನಿನ್ನ ಯಾರು ಎಬ್ಬಸ್ತಾರಪಾ?" ಎಂದರು. ಅಷ್ಟೇ. ಇದೇನು ತನಿಖೆಯೋ ಎಂದು ನನಗೆ ಒಳಗೊಳಗೇ ಅಸಮಾಧಾನ. ದಾರಿಯಲ್ಲಿ ಅವರೇ ಹೇಳಿದರು: "ಊಟ ಯಾರು ಹಾಕ್ತಾರಂತ ಕೇಳಿದ್ರ ಎಲ್ಲಾ ಹುಡುಗ್ರೂ 'ನಮ್ಮವ್ವ' ಅಂತಾರ. ಪ್ರೀತಿ ಮಾಡ್ತಾರೇನಂತ ಕೇಳಿದ್ರ ತಲಿ ಕೆಳಗ ಹಾಕ್ತಾರ. ಆದ್ರ ಮಲಗಿದ ಕೂಸಿಗೆ ಯಾರು ಹೆಂಗ ಕೈ ಹಚ್ಚತಾರ, ಅದರಾಗ ಆ ಮನಿ ಪೂರಾ ಇರ್ತದ ನೋಡವ್ವ."

ಅಂದಿನಿಂದ ನಾನೂ ಅದನ್ನೇ ಕೇಳುತ್ತ ಬಂದೆ. ಎಂತೆಂಥ ಉತ್ತರಗಳು ಬಂದವು. "ಯಾರೂ ಎಬ್ಬಸಂಗಿಲ್ರಿ" ಎಂದವರೇ ಬಹಳ. "ನಮ್ಮ ಕುರಿ ಒದರತಾವ್ರಿ" ಎಂದ ಚಂದ್ರಬಂಡದ ಹುಡುಗನೊಬ್ಬ. ಈಚಿನ ವರ್ಷಗಳಲ್ಲಿ "ಮೊಬೈಲ್ ಎಬ್ಬಸ್ತದ್ರಿ" ಎನ್ನತೊಡಗಿದರು. ಮಾನ್ವಿಯ ರೈಸ್ ಮಿಲ್ ಮಾಲೀಕರೊಬ್ಬರ ಮಗ ಮನೆಯ ಡ್ರೈವರನ ತಲೆ ಒಡೆದು ಬಂದಿದ್ದ. ಅವನು ಕಾಲ ಮೇಲೆ ಕಾಲು ಹಾಕಿಕೊಂಡು, "ನನ್ನ ಎಬ್ಬಸಾಕ ಮನ್ಯಾಗ ಎಲ್ಲಾರೂ ಹೆದರತಾರ್ರಿ" ಎಂದು ಹೆಮ್ಮೆಯಿಂದಲೇ ಹೇಳಿದ. ಹಡೆದವರೇ ಹೆದರುವ ಮನೆಯಲ್ಲಿ ಬೆಳೆಯುವುದು ಮಗುವಿಗೆ ಎಷ್ಟು ಭಯದ ಸಂಗತಿ ಎಂದು ಅವನನ್ನು ನೋಡಿದ ಮೇಲೆ ನನಗೆ ತಿಳಿಯಿತು. ರಾತ್ರಿ ದೀಪ ಆರಿಸಿದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಇಂಥವರಿಗೆಲ್ಲ ಒಂದೇ ಔಷಧಿ, ಕೂರಿಸಿ ಉಪದೇಶ ಮಾಡುವುದು. ಆಮೇಲೆ ಆಪ್ತಸಮಾಲೋಚಕರು ಬಂದರು, ಬಣ್ಣದ ಪೆನ್ಸಿಲು ಕೊಟ್ಟು ಮನೆಯ ಚಿತ್ರ ಬರೆಸಿದರು. ಮೊದಮೊದಲು ನಾನು ಮೂಗು ಮುರಿದವಳೇ. ಹುಡುಗರು ಉಪದೇಶಕ್ಕೆ ಆಕಳಿಸುತ್ತಿದ್ದರು, ಪೆನ್ಸಿಲು ಹಿಡಿದಾಗ ಅಳುತ್ತಿದ್ದರು. ಮೂಗು ಮುರಿಯುವುದನ್ನು ಬಿಟ್ಟೆ.

ಈಗ ಹನುಮಂತನ ವಿಷಯ. ಇಷ್ಟೆಲ್ಲ ಪೀಠಿಕೆ ಹಾಕಿದ್ದೇ ಅವನಿಗಾಗಿ.

ಹನುಮಂತ ಮಾನ್ವಿಯವನು, ಹದಿನೈದರ ಹುಡುಗ. ಅಪ್ಪ ಅಮರಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ, ತಾಯಿ ದೇವಮ್ಮ ಭತ್ತದ ನಾಟಿಗೆ ಹೋಗುವವಳು. ಕಾಲುವೆ ದಂಡೆಯ ಪಂಪ್‌ಸೆಟ್ಟುಗಳ ಕೇಬಲ್ಲು ಕತ್ತರಿಸಿ, ತಾಮ್ರದ ತಂತಿ ಸುಲಿದು ಗುಜರಿಗೆ ಮಾರುವ ದೊಡ್ಡ ಹುಡುಗರ ಗುಂಪಿನಲ್ಲಿ ಇವನೂ ಸಿಕ್ಕಿಬಿದ್ದ. ವೀಕ್ಷಣಾಲಯದಲ್ಲಿ ಅವನಷ್ಟು ಶಿಸ್ತಿನ ಹುಡುಗ ಇಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ಬೆಳಿಗ್ಗೆ ಗಂಟೆ ಬಾರಿಸುವ ಹೊತ್ತಿಗೆ ಅವನು ಮುಖ ತೊಳೆದು, ಹಾಸಿಗೆ ಮಡಚಿ, ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಮಧ್ಯಾಹ್ನ ಉಂಡ ಮೇಲೆ ಮಾತ್ರ ಕಡಿದು ಹಾಕಿದಂತೆ ಮಲಗಿಬಿಡುತ್ತಿದ್ದ.

ಅಂಥದೇ ಒಂದು ಮಧ್ಯಾಹ್ನ ಅವನಿಗೆ ಜ್ವರ ಬಂದಿತ್ತು. ಕಾವಲುಗಾರ ರಾಜಾಸಾಬ್ ಮಾತ್ರೆ ನುಂಗಿಸೋಣವೆಂದು ಭುಜ ಅಲುಗಿಸಿದ್ದಾರೆ. ಹುಡುಗ ಕಣ್ಣು ಬಿಡುವ ಮೊದಲೇ ಎದ್ದು ಅವರ ಕೈ ಕಚ್ಚಿದ. ರಕ್ತ ಬರುವವರೆಗೆ ಕಚ್ಚಿದ. ಎಚ್ಚರವಾದ ಮೇಲೆ ಅವರ ಕೈ ನೋಡಿ, ತಾನೇ ಮೂಲೆಗೆ ಹೋಗಿ ತಲೆಯ ಮೇಲೆ ಎರಡೂ ಕೈ ಹೊತ್ತು ಕೂತನಂತೆ. ರಾಜಾಸಾಬ್ ಒಳ್ಳೆಯ ಮನುಷ್ಯ, ಹೊಡೆಯಲಿಲ್ಲ. ಆದರೆ ಕಡತದಲ್ಲಿ ಶಿಸ್ತಿನ ಹುಡುಗನ ಹೆಸರಿನ ಮುಂದೆ 'ಆಕ್ರಮಣಕಾರಿ ಸ್ವಭಾವ' ಎಂಬ ಮಾತು ಸೇರಿತು. ಮಂಡಳಿಯ ಮುಂದೆ ಪ್ರಕರಣ ಬರುವುದಕ್ಕೆ ಸ್ವಲ್ಪವೇ ಸಮಯವಿತ್ತು. ಮನೆಯವರೂ ಬೇಡವೆಂದರೆ ಹುಡುಗ ವಿಶೇಷ ಗೃಹಕ್ಕೆ ಹೋಗುವುದು ಖಂಡಿತ. ಅಲ್ಲಿಂದ ಹೊರಬರುವಾಗ ಅವನಿಗೆ ಮೀಸೆ ಬಂದಿರುತ್ತದೆ, ಕಾಯುವವರು ಯಾರೂ ಇರುವುದಿಲ್ಲ.

"ಮನ್ಯಾಗ ನಿನ್ನ ಯಾರು ಎಬ್ಬಸ್ತಾರ ಹನುಮಂತ?" ಎಂದು ಕೇಳಿದೆ.

"ಯಾರೂ ಎಬ್ಬಸೋದು ಬ್ಯಾಡ್ರಿ. ನಾನಽ ಏಳ್ತೀನಿ. ಎಲ್ಲಾರಕಿಂತ ಮೊದಲು ಏಳ್ತೀನಿ."

"ಎದ್ದು ಏನ್ ಮಾಡ್ತಿ?"

"ಹೊರಗ ಹೋಗ್ತೀನಿ."

ನಸುಕಿನಲ್ಲಿ ಎದ್ದು ಹೊರಗೆ ಹೋಗುವ ಹುಡುಗನಿಗೆ ಮಾನ್ವಿಯಲ್ಲಿ ಎಚ್ಚರವಾಗಿ ಸಿಗುವುದು ಬಸ್‌ಸ್ಟ್ಯಾಂಡು ಮತ್ತು ಚಹಾದಂಗಡಿ. ಅಲ್ಲಿ ಕಾಲುವೆಯಿಂದ ಕೆಲಸ ಮುಗಿಸಿ ಬಂದ ಆ ದೊಡ್ಡ ಹುಡುಗರು ಕೂತಿರುತ್ತಿದ್ದರು. "ಬಾರಲೇ" ಎಂದು ಕರೆದು ಚಹಾ ಕುಡಿಸಿದವರು ಅವರೇ.

ಮಾನ್ವಿಯ ಬಸ್ಸು ಹತ್ತಿದೆ. ಅಮರಪ್ಪ ಗಿರಣಿಯಿಂದ ಆಗಷ್ಟೇ ಬಂದು, ಹೆಗಲ ಮೇಲಿನ ಟವೆಲಿನಿಂದ ಹೊಟ್ಟಿನ ಧೂಳು ಝಾಡಿಸುತ್ತಿದ್ದ. ನನ್ನ ಗುರುತು ಹೇಳಿದೆ. ಕುಳಿತುಕೊಳ್ಳಲು ಗೋಣಿಚೀಲ ಹಾಸಿದ, ಆದರೆ ಮುಖ ಗಂಟು ಹಾಕಿಯೇ ಇತ್ತು.

"ಒಯ್ರಿ ಮೇಡಂ ಅವನ್ನ. ನಮಗ ಬ್ಯಾಡ. ಸಣ್ಣವು ಎರಡು ಅದಾವ, ಅವೂ ಕೆಡತಾವ."

"ಮುಂಜಾನಿ ಹೆಂಗ ಎಬ್ಬಸ್ತಿದ್ದಿ ಅಮರಪ್ಪ?"

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹೆಂಗಂದ್ರ? ಕಾಲಿಲೆ. ಒಂದು ಸಲ ಒದ್ರ ಏಳ್ತಾನ. ಇಲ್ಲಾಂದ್ರ ಮುಖದ ಮ್ಯಾಲ ತಂಬಗಿ ನೀರು. ಈಚೀಚಿಗೆ ನಾ ಏಳೋದ್ರಾಗ ಎದ್ದು ಹೋಗಿರ್ತಿದ್ದ. ಸಣ್ಣಾಂವ ಇದ್ದಾಗ ನಾ ಗೌಡ್ರ ಮನ್ಯಾಗ ಜೀತಕ್ಕಿದ್ದೆ, ದನದ ಕೊಟಗ್ಯಾಗ ಮಲಗತಿದ್ದೆ. ನನ್ನೂ ಹಂಗಽ ಎಬ್ಬಸ್ಯಾರ. ನಾ ಏನ್ ಕಳ್ಳ ಆದೆನ್ರಿ? ದುಡದು ತಿನ್ನೋ ಮನಷ್ಯಾ ಆದೆ."

ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಒದ್ದು ಎಬ್ಬಿಸಿದರೆ ಮಗ ದುಡಿಯುವವನಾಗುತ್ತಾನೆ, ಮುದ್ದು ಮಾಡಿದರೆ ಹಾಳಾಗುತ್ತಾನೆ ಎಂದು ಮನಸಾರೆ ನಂಬಿದ್ದ. ತನಗೆ ಗೊತ್ತಿದ್ದ ಒಂದೇ ಸಾಕಣೆಯನ್ನು ಮಗನಿಗೂ ಕೊಡುತ್ತಿದ್ದ. ಬಾಗಿಲ ಮರೆಯಲ್ಲಿ ನಿಂತಿದ್ದ ದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಅಂವ ನನ್ನ 'ಅಕ್ಕಾ' ಅಂತಾನ್ರಿ ಮೇಡಂ. ನಾ ಹಡದಾಕಿ" ಎಂದಳು.

ಅದಕ್ಕೆ ಕಾರಣ ಅವಳೇ ಹೇಳಿದಳು. ಹನುಮಂತ ಹುಟ್ಟಿದ್ದು ದೇವದುರ್ಗದಲ್ಲಿ, ಅವಳ ತವರಿನಲ್ಲಿ. ಮಗು ಕೈಗೂಸಾಗಿದ್ದಾಗಲೇ ಗಂಡಹೆಂಡತಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋದರು. ಮಗುವನ್ನು ಅವಳ ತಾಯಿ ಇಟ್ಟುಕೊಂಡಳು. ಆ ಮನೆಯಲ್ಲಿ ತಮ್ಮಂದಿರೆಲ್ಲ ದೇವಮ್ಮನನ್ನು ಅಕ್ಕಾ ಎನ್ನುತ್ತಿದ್ದರು, ಮಗುವೂ ಅದನ್ನೇ ಕಲಿಯಿತು. ಅಜ್ಜಿಯನ್ನು 'ಯವ್ವಾ' ಎಂದಿತು. ಅಜ್ಜಿ ತೀರಿಕೊಂಡ ಮೇಲೆ ಒಂಬತ್ತು ವರ್ಷದ ಹುಡುಗನನ್ನು ಮಾನ್ವಿಗೆ ತಂದರು. ಅಷ್ಟರಲ್ಲಿ ಗಂಡಹೆಂಡತಿ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದು, ಇನ್ನೆರಡು ಮಕ್ಕಳಾಗಿದ್ದವು.

ಮುಂದಿನ ವಾರ ದೇವದುರ್ಗಕ್ಕೆ ಹೋದೆ. ಅಜ್ಜಿಯ ಮನೆಯ ಮಗ್ಗುಲಲ್ಲಿ ಬಳೆ ಮಾರುವ ಖಾಜಾಬಿ ಇದ್ದರು. ಹನುಮಂತನ ಹೆಸರು ಹೇಳಿದ್ದೇ ತಡ, ಬಳೆಯ ಬುಟ್ಟಿ ಬದಿಗೆ ಸರಿಸಿ ಕೂತರು.

"ಅವನ್ನ ಎಬ್ಬಸೋದು ಅಂದ್ರ ಒಂದು ತಮಾಷಾ ಇತ್ತು ಬಾಯಾರ. ಮುದುಕಿ ಬೆನ್ನ ಮ್ಯಾಲ ಕೈಯಾಡಸ್ಕೋತ ಕೂಡೋದು. 'ಏಳೋ ನನ್ನ ಧಣಿ, ಊರಿಗೆಲ್ಲಾ ಬೆಳಕಾಗ್ಯದ, ನಿನ್ನ ಕಣ್ಣಾಗಷ್ಟಽ ಕತ್ತಲ ಅದ' ಅನ್ನೋದು. ಆ ಬದ್ಮಾಶ್ ಎಚ್ಚರಾಗಿದ್ರೂ ಕಣ್ಣು ಮುಚ್ಚಿಕೊಂಡೇ ಬಿದ್ದಿರತಿದ್ದ, ಇನ್ನೊಮ್ಮಿ ಅನ್ನಲಿ ಅಂತ."

ಖಾಜಾಬಿ ನಕ್ಕರು, ಆಮೇಲೆ ದನಿ ತಗ್ಗಿಸಿದರು. "ಸತ್ತೋರ ಬಗ್ಗೆ ಕೆಟ್ಟ ಮಾತಾಡಬಾರದು. ಆದ್ರ ಮುದುಕಿ ಒಂದು ತಪ್ಪು ಮಾಡಿತ್ತು. ಹುಡುಗನ್ನ ಎಲ್ಲಿ ಒಯ್ತಾರೋ ಅಂತ ಅದಕ ದೊಡ್ಡ ಅಂಜಿಕಿ. ಅದಕಽ ಅವನ ಮುಂದ, 'ನಿಮ್ಮಪ್ಪ ನಿನ್ನ ಬ್ಯಾಡಂತ ಇಲ್ಲಿ ಒಗದು ಹೋಗ್ಯಾನ, ನಿನಗ ನಾನಽ ಗತಿ' ಅಂತಿತ್ತು."

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಅಜ್ಜಿಯ ಮೇಲೆ ಸಿಟ್ಟು ಮಾಡಬೇಕೋ, ಅಳಿಯನ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಇಬ್ಬರೂ ಆ ಹುಡುಗನನ್ನು ಸಾಕಿದವರೇ. ಒಬ್ಬಳು ಬೆನ್ನು ಸವರುತ್ತ ಅಪ್ಪನಿಗೆ ನೀನು ಬೇಡ ಎಂದು ಹೇಳಿಟ್ಟಳು. ಇನ್ನೊಬ್ಬ ದಿನಾ ಬೆಳಿಗ್ಗೆ ಕಾಲಿನಿಂದ ಒದ್ದು, ಆ ಮಾತು ನಿಜವೆಂದು ತೋರಿಸಿಕೊಟ್ಟ. ಹೊಸಬರೇ, ಸಾಕಣೆ ಕೆಟ್ಟಿತು ಎಂದು ವರದಿಯಲ್ಲಿ ಒಂದು ಸಾಲು ಬರೆಯುವ ಮುನ್ನ ಆ ಮನೆಯ ಎಲ್ಲರ ಅಂಜಿಕೆಗಳನ್ನೂ ಒಮ್ಮೆ ಕೇಳಿ.

ಅಮರಪ್ಪನನ್ನು ಮಗನ ಭೇಟಿಗೆ ಕರೆಸಲು ಬಹಳ ಕಷ್ಟಪಟ್ಟೆ. ಬರುವುದಿಲ್ಲ ಎಂದ, ಕೆಲಸ ಬಿಟ್ಟರೆ ಆಗುವುದಿಲ್ಲ ಎಂದ. ಕೊನೆಗೆ, "ಬ್ಯಾಡ ಅಂತ ಮಗನ ಮುಂದಽ ಹೇಳಿ ಹೋಗು, ಅಷ್ಟು ಮಾಡು" ಎಂದು ನಾನೂ ಸಿಟ್ಟಿನಿಂದಲೇ ಹೇಳಿ ಬಂದಿದ್ದೆ. ಒಂದು ಮಧ್ಯಾಹ್ನ, ಉರಿಬಿಸಿಲಲ್ಲಿ ಬಂದ. ಗೇಟಿನ ಬಳಿ ಬೇವಿನ ಮರದ ಕೆಳಗೆ ಕೂರಿಸಿ, ನೀರು ಕೊಟ್ಟು, ಖಾಜಾಬಿ ಹೇಳಿದ್ದನ್ನೆಲ್ಲ ಹೇಳಿದೆ. ಅವನು ನೀರಿನ ಲೋಟ ಹಿಡಿದುಕೊಂಡೇ ಕೂತ.

"ಒಗದು ಹೋಗಲಿಲ್ರಿ" ಎಂದ. "ಸಿಮೆಂಟಿನ ಧೂಳಿನ್ಯಾಗ ಕೂಸು ಕೆಮ್ಮತಿತ್ತು. ಬದಕಲಿ ಅಂತ ಬಿಟ್ಟು ಹೋದ್ವಿ."

"ಅದನ್ನ ಅವಂಗ ಎಂದರ ಹೇಳಿಯೇನು?"

"ಕೂಸಿಗೆ ಏನಂತ ಹೇಳೋದ್ರಿ ಇಂಥಾದ್ದು."

ಒಳಗೆ ಹೋದರೆ ಹನುಮಂತ ಎಂದಿನಂತೆ ಗಾಢ ನಿದ್ದೆಯಲ್ಲಿದ್ದ. ಎಬ್ಬಿಸಿ ಎಂದು ರಾಜಾಸಾಬರಿಗೆ ಹೇಳಿದೆ. ಅವರು ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿ, "ನಾ ಒಲ್ಲೆ ತಾಯಿ. ಇನ್ನೊಂದಽ ಕೈ ಉಳದದ. ಬೇಕಾರ ಅವರಪ್ಪ ಎಬ್ಬಸ್ಲಿ" ಎಂದು ಬಾಗಿಲಲ್ಲೇ ನಿಂತರು.

ಅಮರಪ್ಪ ಮಗನ ಹತ್ತಿರ ಹೋದ. ಅಭ್ಯಾಸಬಲದಿಂದ ಒಂದು ಕಾಲು ಸ್ವಲ್ಪ ಮುಂದೆ ಬಂತು. ನಾನು ನೋಡಿದೆ, ಅವನೂ ನೋಡಿಕೊಂಡ. ಕಾಲು ಹಿಂದಕ್ಕೆ ತೆಗೆದ. ಬಾಗಿ ಕೈ ಚಾಚಿದ, ಭುಜದ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಅಕ್ಕಿಚೀಲಕ್ಕೆ ಕೊಕ್ಕೆ ಹಾಕಿ ಎತ್ತುವ ಕೈ ಅದು, ಹೆಬ್ಬೆರಳೆಲ್ಲ ಒಡೆದಿತ್ತು. ಮಲಗಿದ ಮಗನನ್ನು ಹೇಗೆ ಮುಟ್ಟಬೇಕೆಂದು ಆ ಕೈಗೆ ಗೊತ್ತಾಗಲಿಲ್ಲ. ನನ್ನ ಕಡೆ ತಿರುಗಿ ನೋಡಿದ.

ಆಮೇಲೆ ಅವನು ನೆಲದ ಮೇಲೆ ಕೂತುಬಿಟ್ಟ. ಹುಡುಗನ ಮುಖದ ಮೇಲೆ ನೊಣ ಕೂಡುತ್ತಿದ್ದವು. ಹೆಗಲ ಮೇಲಿನ ಟವೆಲು ತೆಗೆದು ಬೀಸತೊಡಗಿದ. ಎಷ್ಟು ಹೊತ್ತು ಬೀಸಿದನೋ ನಾನು ಗಡಿಯಾರ ನೋಡಲಿಲ್ಲ. ಭೇಟಿಯ ಸಮಯ ಮುಗಿಯಿತು ಎಂದು ಹೇಳಲು ಬಂದವರನ್ನು ರಾಜಾಸಾಬ್ ಕಣ್ಣಿನಲ್ಲೇ ಗದರಿಸಿ ಕಳಿಸಿದರು.

ಹನುಮಂತ ಕಣ್ಣು ಬಿಟ್ಟ. ಅಪ್ಪನನ್ನು ಕಂಡದ್ದೇ ಬೆಚ್ಚಿ ಎದ್ದು, ಗೋಡೆಗೆ ಸರಿದು, ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ. ಅಮರಪ್ಪ ಅಲುಗಲಿಲ್ಲ. ಟವೆಲು ಬೀಸುವುದನ್ನೂ ನಿಲ್ಲಿಸಲಿಲ್ಲ.

"ಮಲಕೋ" ಎಂದ. "ಇನ್ನಾ ಹೊತ್ತು ಅದ."

ಹುಡುಗ ಕೈ ಇಳಿಸಲಿಲ್ಲ, ಆದರೆ ಬೆರಳ ಸಂದಿಯಿಂದ ಅಪ್ಪನನ್ನು ನೋಡುತ್ತಿದ್ದ. ರಾಜಾಸಾಬ್ ಹೊರಗೆ ಹೋಗಿ ಮೂಗು ಒರೆಸಿಕೊಂಡರು.

ಮಂಡಳಿಯ ಮುಂದೆ ನಾನು ಈ ಮಧ್ಯಾಹ್ನವನ್ನು ಇದ್ದಂತೆಯೇ ಹೇಳಿದೆ. ಕೈ ಕಚ್ಚಿದ್ದು ನಿದ್ದೆಗಣ್ಣಿನ ಭಯದಿಂದ ಎಂದು ರಾಜಾಸಾಬರೇ ಬಂದು ಹೇಳಿಕೆ ಕೊಟ್ಟರು. ಮಗನನ್ನು ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದಾಗ ಅಮರಪ್ಪ, "ಹೋಗ್ತೀನ್ರಿ" ಎಂದ. ಹುಡುಗ ಮನೆಯಲ್ಲೇ ಇರಲಿ, ನಾನು ಆಗಾಗ ಹೋಗಿ ನೋಡುತ್ತಿರಬೇಕು ಎಂದು ಆದೇಶವಾಯಿತು.

ಇಲ್ಲಿಗೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ನಮ್ಮ ಕೆಲಸದಲ್ಲಿ ಹಾಗೆ ಆಗುವುದೇ ಇಲ್ಲ. ಹುಡುಗ ಮೊದಲಿನಂತೆಯೇ ನಸುಕಿನಲ್ಲಿ ಎದ್ದು ಹೊರಡುತ್ತಿದ್ದ. ಅಮರಪ್ಪ ಅವನಿಗಿಂತ ಮೊದಲು ಎದ್ದು ಹೊಸ್ತಿಲಲ್ಲಿ ಕೂಡತೊಡಗಿದ. ತಡೆಯುತ್ತಿರಲಿಲ್ಲ. "ಚಾ ಕುಡದು ಹೋಗು" ಎನ್ನುತ್ತಿದ್ದ, ಅಷ್ಟೇ. ಕೆಲವು ದಿನ ಹುಡುಗ ಕುಡಿಯದೇ ದಾಟಿಕೊಂಡು ಹೋದ. ಒಮ್ಮೆ ಎರಡು ದಿನ ಮನೆಗೇ ಬರಲಿಲ್ಲ, ಅಪ್ಪನೇ ಹುಡುಕಿಕೊಂಡು ಹೋಗಿ ಕರೆತಂದ. ದಾರಿಯಲ್ಲಿ ಸಿಮೆಂಟಿನ ಧೂಳಿನ ಮಾತು ಹೇಳಿದನಂತೆ. ಮರುದಿನ ಹುಡುಗ ಹೊಸ್ತಿಲಲ್ಲಿ ಅಪ್ಪನ ಪಕ್ಕ ಕೂತು ಚಹಾ ಕುಡಿದನೆಂದು ದೇವಮ್ಮ ಹೇಳಿದಳು. "ಈಗಲೂ 'ಅಕ್ಕಾ' ಅಂತಽ ಕರೀತಾನ್ರಿ, ಆದ್ರ ಕರೀತಾನ" ಎಂದು ನಕ್ಕಳು.

ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದಾಗ ಇನ್ನೊಮ್ಮೆ ಹೋದೆ. ದೇವಮ್ಮ ಹೊಲಕ್ಕೆ ಹೋಗುವ ಮುಂಚೆ ಸಿಗಲೆಂದು ಮೊದಲ ಬಸ್ಸು ಹಿಡಿದಿದ್ದೆ. ನಾನು ಓಣಿ ಹೊಕ್ಕಾಗ ಬಿಸಿಲು ಮಾಳಿಗೆ ಏರಿತ್ತು. ಎದುರಿಗೆ ಅಮರಪ್ಪ ಗಿರಣಿಗೆ ಹೊರಟು ಬರುತ್ತಿದ್ದ, ಬರಿಗಾಲಲ್ಲಿ. ಚಪ್ಪಲಿ ಕೈಯಲ್ಲಿದ್ದವು. ನನ್ನನ್ನು ನೋಡಿ ನಾಚಿಕೊಂಡಂತೆ ನಕ್ಕು, ಓಣಿಯ ತಿರುವಿನಲ್ಲಿ ಅವನ್ನು ಕೆಳಗೆ ಹಾಕಿ ಮೆಟ್ಟಿಕೊಂಡು ಹೋದ.

ಬಾಗಿಲಲ್ಲಿ ದೇವಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಸಣ್ಣ ದನಿಲೆ ಮಾತಾಡ್ರಿ ಮೇಡಂ. ಹನುಮಂತ ಮಲಗ್ಯಾನ."

ಇಣುಕಿ ನೋಡಿದೆ. ಬಾಯಿ ತೆರೆದುಕೊಂಡು, ತಮ್ಮನ ಮೇಲೆ ಕಾಲು ಹಾಕಿಕೊಂಡು, ಊರಿಗೆಲ್ಲ ಬೆಳಕಾದರೂ ಪರಿವೆಯಿಲ್ಲದೆ ಮಲಗಿದ್ದ. ನಾನು ಬಂದದ್ದು ಅವನನ್ನು ಮಾತಾಡಿಸಲು, ಅದು ನನ್ನ ಕರ್ತವ್ಯವೇ ಆಗಿತ್ತು. ದೇವಮ್ಮ ಕೊಟ್ಟ ಚಹಾವನ್ನು ಸದ್ದಾಗದಂತೆ ಕುಡಿದು ಎದ್ದೆ. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಓಣಿಯ ತಿರುವಿನವರೆಗೆ ನಡೆದು, ಅಲ್ಲಿ ಹಾಕಿಕೊಂಡೆ.